ಪಾನಾ ಹಿಡಿಯುವ ಮುಂಚೆ ರೋಲ್ ನೋಡಿ: ಹಳೆಯ ರೌಂಡ್ ಬೇಲರ್ ಹದ ಮಾಡುವುದು

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರ ಭಾಗದಲ್ಲಿ ಹಾರ್ವೆಸ್ಟರ್ ಭತ್ತ ಕೊಯ್ದು ಹೋದ ಮೇಲೆ ಗದ್ದೆ ತುಂಬ ಹುಲ್ಲಿನ ಸಾಲು ಬಿದ್ದಿರುತ್ತದೆ. ಅದನ್ನು ಸುತ್ತಲು ಹಳೆಯ ರೌಂಡ್ ಬೇಲರ್ ಕೊಂಡವರಿಗಾಗಿ ಈ ಬರಹ. ಒಳಗೆ ಕಬ್ಬಿಣದ ರೋಲರ್‌ಗಳಿರುವ, ಸುಮಾರು ಎರಡು ಅಡಿ ದಪ್ಪ, ಮೂರು ಅಡಿ ಉದ್ದದ ರೋಲ್ ಮಾಡುವ ಸಣ್ಣ ಮಶಿನ್ ಬಗ್ಗೆಯೇ ಹೇಳುತ್ತೇನೆ. ಬೆಲ್ಟ್ ಇರುವ ದೊಡ್ಡ ಮಶಿನ್‌ಗಳ ಲೆಕ್ಕ ಬೇರೆ.

ರೋಲ್ ಸರಿ ಬರದಿದ್ದರೆ ಬಹಳ ಮಂದಿ ಮೊದಲು ಪಾನಾ ತಗೊಂಡು ಸ್ಪ್ರಿಂಗ್ ಬಿಗಿ ಮಾಡುತ್ತಾರೆ. ಅದು ಕೊನೆಯ ಕೆಲಸ. ಮೊದಲು ಹುಲ್ಲು, ಆಮೇಲೆ ಸಾಲು, ಆಮೇಲೆ ಪಿಟಿಒ (ಟ್ರ್ಯಾಕ್ಟರ್ ಹಿಂದೆ ತಿರುಗುತ್ತಾ ಬೇಲರ್‌ಗೆ ಶಕ್ತಿ ಕೊಡುವ ಶಾಫ್ಟ್), ಅದಾದ ಮೇಲೆ ಮಶಿನ್. ಈ ಕ್ರಮ ತಪ್ಪಿಸಿದರೆ ಒಂದು ತೊಂದರೆ ಮುಚ್ಚಲು ಇನ್ನೊಂದು ಹುಟ್ಟಿಸಿದ ಹಾಗೆ.

ಹುಲ್ಲಿನ ಹಸಿ ಶೇ. 15ರ ಆಸುಪಾಸು ಇರಬೇಕು. ಶೇ. 20 ದಾಟಿದರೆ ರೋಲ್ ಒಳಗೆ ಕಾವು ಏರಿ ಬೂಸಲು ಹಿಡಿಯುತ್ತದೆ. ಮೀಟರ್ ಇಲ್ಲದಿದ್ದರೆ ಒಂದು ಹಿಡಿ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಒಣ ಗಾಜಿನ ಬಾಟಲಿಗೆ ಹಾಕಿ, ಎರಡು ಚಮಚ ಒಣ ಪುಡಿ ಉಪ್ಪು ಸೇರಿಸಿ ಒಂದೆರಡು ನಿಮಿಷ ಜೋರಾಗಿ ಅಲ್ಲಾಡಿಸಿ. ಉಪ್ಪು ಉದುರಾಗಿಯೇ ಇದ್ದರೆ ಸುತ್ತಬಹುದು, ಗಂಟು ಕಟ್ಟಿದರೆ ಇನ್ನೂ ಒಣಗಬೇಕು. ಈ ಪರೀಕ್ಷೆಗೆ ಹುಲ್ಲನ್ನು ಸಾಲಿನ ಮೇಲಿಂದ ತೆಗೆಯಬೇಡಿ, ಅಡಿಯಿಂದ ತೆಗೆಯಿರಿ. ಡಿಸೆಂಬರ್‌ನಲ್ಲಿ ಮೇಲೆ ಗರಿಗರಿ ಇದ್ದರೂ ಇಬ್ಬನಿ, ನೆಲದ ಹಸಿ ಎರಡೂ ಅಡಿಯಲ್ಲೇ ಕೂತಿರುತ್ತವೆ. ಬೇಸಿಗೆ ಭತ್ತದಲ್ಲಿ ಕಥೆ ಉಲ್ಟಾ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹುಲ್ಲು ಪುಡಿಯಾಗಿ ಜಾರುತ್ತದೆ, ಒಳಗೆ ಹೋದರೂ ಉರುಳುವುದಿಲ್ಲ. ಆಗ ಬೆಳಿಗ್ಗೆ ಇಲ್ಲವೇ ಸಂಜೆಯ ಹೊತ್ತೇ ಸರಿ.

ಸಾಲಿನ ತಪ್ಪು ರೋಲ್ ಆಕಾರದಲ್ಲಿ ಎದ್ದು ಕಾಣುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲು ಇದ್ದರೆ ದಪ್ಪ ಇರುವ ಕಡೆಗೇ ಹುಲ್ಲು ಹೆಚ್ಚು ಹೋಗಿದೆ. ನಡುವೆ ಹೊಟ್ಟೆ ಬಂದು ಅಂಚು ಸಡಿಲವಿದ್ದರೆ ಸಾಲು ಪಿಕಪ್‌ಗಿಂತ (ನೆಲದ ಹುಲ್ಲನ್ನು ಎತ್ತಿಕೊಳ್ಳುವ ಬೇಲರ್‌ನ ಮುಂಭಾಗ) ಕಿರಿದು, ನೀವು ನೆಟ್ಟಗೆ ನಡುವೆಯೇ ಓಡಿಸಿದ್ದೀರಿ. ಅಂಚು ದಪ್ಪವಾಗಿ ನಡುವೆ ತಗ್ಗಿದ್ದರೆ ಎಡಬಲಕ್ಕೆ ಆಡಿಸಿದ್ದು ಜಾಸ್ತಿಯಾಗಿದೆ. ಪಿಕಪ್ ಅಗಲದಷ್ಟೇ ಸಾಲು ಇದ್ದರೆ ಏನೂ ಆಡಿಸಬೇಕಿಲ್ಲ. ಕಿರಿದಾಗಿದ್ದರೆ ಹತ್ತು ಹದಿನೈದು ಮೀಟರ್ ಎಡ ಅಂಚಿಗೆ ತುಂಬಿಸಿ, ಚಟ್ಟನೆ ದಾಟಿ ಅಷ್ಟೇ ದೂರ ಬಲ ಅಂಚಿಗೆ ತುಂಬಿಸಿ. ಹಾವಿನ ಹಾಗೆ ಸದಾ ಹೊರಳುತ್ತಾ ಹೋಗುವುದು ಬೇಡ.

ಪಿಟಿಒ ನಿಮಿಷಕ್ಕೆ 540 ಸುತ್ತು ಇರಲೇಬೇಕು. ಇಂಜಿನ್ ಎಷ್ಟು ಆರ್‌ಪಿಎಂ ಇದ್ದಾಗ 540 ಬರುತ್ತದೆ ಅನ್ನುವುದು ಒಂದೊಂದು ಟ್ರ್ಯಾಕ್ಟರಿಗೆ ಒಂದೊಂದು. ಮೀಟರಿನ ಮೇಲಿನ ಗುರುತು ನೋಡಿ. ಡೀಸೆಲ್ ಉಳಿಸಲು ಎಕ್ಸಲರೇಟರ್ ಇಳಿಸಿದರೆ ರೋಲ್ ಸಡಿಲ, ಸುತಳಿಯೂ ಸಡಿಲ. ವೇಗ ತಗ್ಗಿಸಬೇಕಾದರೆ ಗೇರ್ ಇಳಿಸಿ, ಸುತ್ತು ಇಳಿಸಬೇಡಿ. ಶಾಫ್ಟ್ ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಜೋಡಿಸುವಾಗ ಒಳಗಿನ ಎರಡು ಕವಲುಗಳು ಒಂದೇ ನೇರದಲ್ಲಿ ಬರಬೇಕು. ಅಡ್ಡ ಕೂತರೆ ಇಡೀ ಬೇಲರ್ ನಡುಗುತ್ತದೆ, ಬೇರಿಂಗ್ ಹೋಗಿದೆ ಎಂದು ಸುಮ್ಮನೆ ಹುಡುಕುತ್ತೀರಿ. ತಿರುವಿನಲ್ಲಿ ಶಾಫ್ಟ್ ತೀರಾ ಗಿಡ್ಡ ಆದಾಗಲೂ ಎರಡು ಮೂರು ಸೆಂ.ಮೀ. ಜಾಗ ಉಳಿಯಬೇಕು, ಪೂರ್ತಿ ಚಾಚಿದಾಗ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು.

ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತಿದ್ದರೆ ಗಟ್ಟಿ ಬೋಲ್ಟ್ ಹಾಕುವುದು ದೊಡ್ಡ ತಪ್ಪು. ತುಂಡಾಗುವುದೇ ಅದರ ಕೆಲಸ. ಅದು ಉಳಿದರೆ ಗೇರ್‌ಬಾಕ್ಸ್ ಇಲ್ಲವೇ ಚೈನ್ ಹೋಗುತ್ತದೆ. ಕಂಪನಿ ಹೇಳಿದ ಗ್ರೇಡ್‌ನ ಬೋಲ್ಟನ್ನೇ ಹಾಕಿ, ಕಾರಣ ಹುಡುಕಿ: ಹಸಿ ಹುಲ್ಲಿನ ಮುದ್ದೆ, ಜಾಮ್ ಆದ ಬೇರಿಂಗ್, ಬಾಗಿ ತಾಗುವ ಹಲ್ಲು, ಅಥವಾ ಇಂಜಿನ್ ಜೋರಾಗಿ ಓಡುವಾಗಲೇ ಪಿಟಿಒ ಹಾಕುವ ಚಟ.

ಪಿಕಪ್‌ನ ತಂತಿ ಹಲ್ಲುಗಳು ನೆಲದಿಂದ ಎರಡು ಬೆರಳಿನಷ್ಟು ಮೇಲೆ, ಅಂದರೆ 3-4 ಸೆಂ.ಮೀ. ಇರಲಿ. ಎರೆ ಭೂಮಿ ಒಣಗಿ ಬಿರುಕು ಬಿಟ್ಟಾಗ, ಹಾರ್ವೆಸ್ಟರ್ ಗಾಲಿ ತುಳಿದ ತಗ್ಗು ಇದ್ದಾಗ ಇನ್ನಷ್ಟು ಎತ್ತಿ. ಕೊನೆಯ ಹುಲ್ಲೂ ಬರಲಿ ಎಂದು ಕೆಳಗಿಳಿಸಿದರೆ ಹೆಂಟೆ ಒಳಗೆ ಹೋಗುತ್ತದೆ. ದನ ಆ ಮೇವು ಮುಟ್ಟುವುದಿಲ್ಲ, ರೋಲರ್ ಸವೆಯುತ್ತದೆ. ಗದ್ದೆಯಲ್ಲಿ ಒಂದೇ ಗೆರೆಯಾಗಿ ಹುಲ್ಲು ಉಳಿಯುತ್ತಾ ಹೋದರೆ ಆ ನೇರದ ಹಲ್ಲು ಮುರಿದಿದೆ.

ಹಳೆಯ ಮಶಿನ್‌ನಲ್ಲಿ ನಿಜವಾಗಿ ತಲೆನೋವು ಕೊಡುವುದು ರೋಲರ್. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು. ಅದು ಉಪ್ಪುಕಾಗದದ ಹಾಗೆ ರೋಲರ್ ಮೇಲಿನ ಏಣುಗಳನ್ನು ತಿನ್ನುತ್ತದೆ. ಏಣು ನುಣುಪಾದ ಮೇಲೆ ಹುಲ್ಲು ಉರುಳದೆ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಏಣಿನ ಮೇಲೆ ಪಟ್ಟಿ ಬೆಸುಗೆ ಹಾಕಿಸಬಹುದು. ಆದರೆ ಎಲ್ಲ ಪಟ್ಟಿಗಳ ಎತ್ತರ ಒಂದೇ ಇರಬೇಕು, ಬೇಲರ್ ಅನ್ನು ಟ್ರ್ಯಾಕ್ಟರಿಂದ ಬಿಚ್ಚಿರಬೇಕು, ವೆಲ್ಡಿಂಗ್‌ನ ಅರ್ಥ್ ಕ್ಲಾಂಪ್ ಅದೇ ರೋಲರ್ ಮೇಲೆ ಇರಬೇಕು. ಕ್ಲಾಂಪ್ ಚಾಸಿಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಗುಂಡುಗಳಿಗೆ ಕಲೆ ಬೀಳುತ್ತದೆ. ರೋಲರ್ ಸರಿಯಾದರೂ ಬೇರಿಂಗ್ ಬೇಗ ಹೋಗುತ್ತದೆ.

ಚೈನ್ ಅಳೆಯುವುದು ಸುಲಭ. ಮುಕ್ಕಾಲು ಇಂಚಿನ ಪಿಚ್ ಚೈನ್‌ನ 16 ಕೊಂಡಿ ಹೊಸದರಲ್ಲಿ 305 ಮಿ.ಮೀ. ಇರುತ್ತದೆ. ಎಳೆದು ಹಿಡಿದಾಗ 314 ಮುಟ್ಟಿದರೆ ಬದಲಿಸಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಾಗಿದ್ದರೆ ಅದನ್ನೂ ಜೊತೆಗೇ ಬದಲಿಸಿ, ಇಲ್ಲದಿದ್ದರೆ ಹೊಸ ಚೈನೂ ಬೇಗ ಹಾಳು. ಎಣ್ಣೆಯನ್ನು ಕೆಲಸ ಮುಗಿದು ಚೈನ್ ಬೆಚ್ಚಗಿರುವಾಗ ಹಾಕಿ, ಒಳಗಿನ ಪಿನ್‌ವರೆಗೂ ಇಳಿಯುತ್ತದೆ.

ಸುತಳಿ ಹಿಡಿಯದಿದ್ದರೆ ಮೊದಲು ಸುತಳಿಯನ್ನು ಬಿಗಿಯಾಗಿ ಹಿಡಿಯುವ ಬ್ರೇಕ್ ಪ್ಲೇಟಿನ ನಟ್ಟು ಅರ್ಧ ಸುತ್ತು ಸಡಿಲಿಸಿ ನೋಡಿ. ಒಮ್ಮೆಗೆ ಅರ್ಧ ಸುತ್ತಿಗಿಂತ ಹೆಚ್ಚು ಬೇಡ. ತುದಿ ಗಿಡ್ಡವಾಗಿದ್ದರೂ ಹುಲ್ಲಿಗೆ ಸಿಗುವುದಿಲ್ಲ. ತುದಿ ಎಳೆ ಎಳೆಯಾಗಿ ಬಿಟ್ಟುಕೊಂಡಿದ್ದರೆ ಚಾಕು ಮೊಂಡಾಗಿದೆ. ಉಂಡೆಯಿಂದ ಸುತಳಿ ಬರುವುದು ಒಳಗಿನಿಂದ. ಹಾಗಾಗಿ ಮೊದಲ ಉಂಡೆಯ ಹೊರ ತುದಿಯನ್ನು ಎರಡನೆಯದರ ಒಳ ತುದಿಗೆ ಕಟ್ಟಬೇಕು, ಗಂಟಿನ ಬಾಲ ಸಣ್ಣಗೆ ಕತ್ತರಿಸಬೇಕು. ಸುತ್ತು ಅಂಚಿಗೆ ತೀರಾ ಹತ್ತಿರ ಬಂದರೆ ರೋಲ್ ಎತ್ತುವಾಗ ಜಾರಿ ಬೀಳುತ್ತದೆ, ಅಂಚಿನಿಂದ ನಾಲ್ಕೈದು ಇಂಚು ಒಳಗೆ ನಿಲ್ಲಿಸಿ. ಪ್ಲಾಸ್ಟಿಕ್ ದಾರಕ್ಕಿಂತ ಸೆಣಬಿನ ಸುತಳಿಯೇ ನನಗೆ ಮೇಲು. ಪ್ಲಾಸ್ಟಿಕ್ ಬಳಸಿದರೆ ಮೇವು ಹಾಕುವ ಮುಂಚೆ ಒಂದು ಎಳೆಯೂ ಉಳಿಯದಂತೆ ತೆಗೆಯಿರಿ. ದನದ ಹೊಟ್ಟೆಗೆ ಹೋದರೆ ಕರಗುವುದಿಲ್ಲ, ಅಲ್ಲೇ ಗಂಟು ಕಟ್ಟುತ್ತದೆ.

ಇಷ್ಟೆಲ್ಲ ಸರಿಯಿದ್ದೂ ರೋಲ್ ಮೆತ್ತಗೆ ಬಂದರೆ ಆಗ ಹಿಂದಿನ ಬಾಗಿಲು ನೋಡಿ. ಕೊಂಡಿಯಲ್ಲಿ ಹುಲ್ಲು ಸಿಕ್ಕಿ ಬಾಗಿಲು ಒಂದು ಬೆರಳು ತೆರೆದಿದ್ದರೂ ಬಿಗಿ ಬರುವುದಿಲ್ಲ. ಅದೂ ಸರಿಯಿದ್ದರೆ ಮಾತ್ರ ಸ್ಪ್ರಿಂಗ್ ಬಿಗಿ ಮಾಡಿ, ಎರಡೂ ಬದಿ ಸಮನಾಗಿ.

ತೊಗರಿ ಕಟ್ಟಿಗೆಯನ್ನು ಈ ಮಶಿನ್‌ಗೆ ತೋರಿಸಲೇಬೇಡಿ. ಉದ್ದನೆಯ ಜೋಳದ ಕಣಕಿಗೂ ಇದು ಹೊಂದುವುದಿಲ್ಲ, ಸೂಡು ಕಟ್ಟಿ ಬಣವಿ ಒಟ್ಟುವುದೇ ಒಳ್ಳೆಯದು.

ಕಟ್ಟಿಕೊಂಡ ಹುಲ್ಲು ತೆಗೆಯುವ ಮುಂಚೆ ಪಿಟಿಒ ತಪ್ಪಿಸಿ, ಇಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಓಡುವ ಪಿಕಪ್ ಹುಲ್ಲನ್ನು ಎಳೆದುಕೊಳ್ಳುವ ವೇಗಕ್ಕೆ ಕೈ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಬಾಗಿಲ ಕೆಳಗೆ ಹೋಗುವಾಗ, ಎತ್ತಿದ ಬಾಗಿಲು ಕೆಳಗೆ ಬೀಳದಂತೆ ತಡೆಯುವ ಸಿಲಿಂಡರ್ ಲಾಕ್ ಹಾಕಿರಬೇಕು. ಬೇಸಿಗೆಯಲ್ಲಿ ಗಂಟೆಗೊಮ್ಮೆ ನಿಲ್ಲಿಸಿ ಬೇರಿಂಗ್‌ಗಳ ಹತ್ತಿರ ಕೈ ಹಿಡಿದು ನೋಡಿ. ಉಳಿದವುಗಳಿಗಿಂತ ಒಂದು ಮಾತ್ರ ಕಾದಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ, ಸುತ್ತಿಕೊಂಡ ಹುಲ್ಲು ಬಿಡಿಸಿ. ಕಾದ ಬೇರಿಂಗ್ ಮತ್ತು ಒಣ ಹುಲ್ಲು ಸೇರಿದರೆ ಬೆಂಕಿಗೆ ಬೇರೇನೂ ಬೇಕಿಲ್ಲ. ಟ್ರ್ಯಾಕ್ಟರ್ ಮೇಲೆ ಒಂದು ಬೆಂಕಿ ನಂದಿಸುವ ಸಿಲಿಂಡರ್, ಗದ್ದೆಯ ಬದುವಿನಲ್ಲಿ ಎರಡು ಕೊಡ ನೀರು ಇಟ್ಟುಕೊಂಡೇ ಶುರು ಮಾಡಿ.