ಜೋಡಿ ಉಂಗುರದ ಕೌಂಟರಿನಲ್ಲಿ ವಿಎ ಲೆಕ್ಕ

ಮಂಗಳೂರಿನ ಚಿನ್ನದ ಅಂಗಡಿಯೊಂದರ ಉಂಗುರದ ಕೌಂಟರಿನಲ್ಲಿ ನಾನು ಕೆಲಸ ಮಾಡುತ್ತೇನೆ. ಈಸ್ಟರ್ ಕಳೆದ ಕೂಡಲೇ ನಮ್ಮಲ್ಲಿ ಕ್ರೈಸ್ತ ಮದುವೆಗಳ ಸೀಸನ್ ಆರಂಭವಾಗುತ್ತದೆ. ಕರಿಮಣಿ, ಬಳೆ, ಸರಗಳ ವ್ಯಾಪಾರ ಮುಗಿಸಿ, ಹಾಲ್‌ಗೆ ಮುಂಗಡ ಕೊಟ್ಟು, ಮದುವೆಯ ಹಿಂದಿನ ರೋಸ್ ಶಾಸ್ತ್ರದ ಊಟದ ಲೆಕ್ಕವನ್ನೂ ಹಾಕಿಯಾದ ಮೇಲೆ ಉಳಿದ ಹಣ ಹಿಡಿದುಕೊಂಡು ಜನ ಜೋಡಿ ಉಂಗುರಕ್ಕೆ ಬರುತ್ತಾರೆ. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸುವುದು ಆ ಉಂಗುರಗಳನ್ನೇ, ಮರುದಿನದಿಂದ ಪಾತ್ರೆ ತೊಳೆಯುವಾಗಲೂ ಬೈಕ್ ಓಡಿಸುವಾಗಲೂ ಬೆರಳಲ್ಲಿರುವುದೂ ಅವೇ. ಆದರೂ ಖರ್ಚಿನ ಪಟ್ಟಿಯಲ್ಲಿ ಅವಕ್ಕೆ ಕೊನೆಯ ಸ್ಥಾನ.

ಅಂಥ ಒಂದು ಸಂಜೆ ಮದುವೆ ನಿಶ್ಚಯವಾದ ಹುಡುಗ, ಹುಡುಗಿ ಮತ್ತು ಹುಡುಗಿಯ ತಾಯಿ ಬಂದು ಕುಳಿತರು. ಹುಡುಗನಿಗೆ ಕುವೈತಿನಲ್ಲಿ ಕೆಲಸ, ರಜೆ ಸಣ್ಣದು. ಎರಡೂ ಉಂಗುರ ಸೇರಿ 80,000 ರೂಪಾಯಿ ದಾಟಬಾರದೆಂದು ಅವನು ಮೊದಲೇ ಹೇಳಿದ. ಲೆಕ್ಕ ಸುಲಭವಾಗಲೆಂದು ಇಲ್ಲಿ ಬೋರ್ಡ್ ರೇಟನ್ನು, ಅಂದರೆ 22 ಕ್ಯಾರೆಟ್ ಚಿನ್ನದ ಅಂದಿನ ದರವನ್ನು, ಗ್ರಾಮಿಗೆ 10,000 ಎಂದೇ ಇಟ್ಟುಕೊಳ್ಳುತ್ತೇನೆ. ನಾನು ಸಾದಾ ಬ್ಯಾಂಡುಗಳ ಟ್ರೇ ಇಟ್ಟೆ: ಅವನಿಗೆ 4 ಗ್ರಾಮಿನದು, ಅವಳಿಗೆ 3 ಗ್ರಾಮಿನದು, 22 ಕ್ಯಾರೆಟ್, ವಿಎ ಶೇ 8. ವಿಎ ಅಂದರೆ ವ್ಯಾಲ್ಯೂ ಅಡಿಷನ್, ಮಜೂರಿ ಮತ್ತು ವೇಸ್ಟೇಜ್ ಎಂದು ಚಿನ್ನದ ಬೆಲೆಯ ಮೇಲೆ ಸೇರಿಸುವ ಶೇಕಡಾವಾರು. ಹುಡುಗಿ ಒಂದನ್ನು ಬೆರಳಿಗೆ ಹಾಕಿ ನೋಡಿದಳು, ಏನೂ ಹೇಳಲಿಲ್ಲ. ಫೋನ್ ತೆಗೆದು ತಲೆ ತಗ್ಗಿಸಿದಳು.

ಗಿರಾಕಿ ಫೋನ್ ತೆಗೆದರೆ ಟ್ರೇ ಬದಲಿಸಬೇಕೆಂಬುದು ನಮ್ಮ ಫ್ಲೋರ್ ಮ್ಯಾನೇಜರರ ಪಾಠ. ಬೇರೆ ಅಂಗಡಿಯ ಡಿಸೈನ್ ಹುಡುಕುತ್ತಿದ್ದಾರೆಂದು ತಿಳಿದುಕೊಳ್ಳಬೇಕಂತೆ. ನಾನೂ ಹಾಗೆಯೇ ತಿಳಿದೆ. ಸಾದಾ ಉಂಗುರ ಇವಳಿಗೆ ರುಚಿಸಲಿಲ್ಲವೆಂದು ತೀರ್ಮಾನಿಸಿ, ಸುತ್ತಲೂ ಮಷಿನ್ ಕಟ್ ಇರುವ ಕಪಲ್ ಕಲೆಕ್ಷನ್ ಟ್ರೇಯನ್ನು ಲೈಟಿನ ಕೆಳಗೆ ಸರಿಸಿದೆ. ತೂಕ ಅಷ್ಟೇ, ಆದರೆ ವಿಎ ಶೇ 20. ಹುಡುಗನ ಕಣ್ಣು ಅರಳಿತು. ಹಿಂದಿನಿಂದ ಮ್ಯಾನೇಜರರು ಮೆಲ್ಲನೆ ಬಂದು ನಿಂತರು. ಕ್ಲೋಸಿಂಗ್ ಹತ್ತಿರವಾದಾಗ ಹಾಗೆ ಬಂದು ನಿಲ್ಲುವುದು ಅವರ ಕ್ರಮ.

“ಇದೂ ನಾಲ್ಕು ಮತ್ತು ಮೂರು ಗ್ರಾಮೇ ಅಲ್ವಾ? ಮತ್ತೆ ರೇಟ್ ಯಾಕೆ ಹೆಚ್ಚು?” ಎಂದು ಹುಡುಗಿ ಕೇಳಿದಳು.

“ಡಿಸೈನ್ ಉಂಟಲ್ಲ ಮೇಡಂ, ವಿಎ ಸ್ವಲ್ಪ ಹೆಚ್ಚಾಗ್ತದೆ.”

“ಸ್ವಲ್ಪ ಅಂದ್ರೆ ಎಷ್ಟು ರೂಪಾಯಿ?”

ನನಗೆ ತಕ್ಷಣ ಹೇಳಲಾಗಲಿಲ್ಲ. ನಮ್ಮ ಎಸ್ಟಿಮೇಟ್ ಸ್ಲಿಪ್ಪಿನಲ್ಲಿ ವಿಎ ಶೇಕಡಾವಾರು ಬರುತ್ತದೆ, ಕೆಳಗೆ ಒಟ್ಟು ಮೊತ್ತ ಬರುತ್ತದೆ, ನಡುವಿನ ರೂಪಾಯಿ ಬರುವುದಿಲ್ಲ. ಆ ಸಾಫ್ಟ್‌ವೇರ್ ಬರೆಸಿದವರು ಗಿರಾಕಿಯ ಕಡೆಯ ಕುರ್ಚಿಯಲ್ಲಿ ಎಂದೂ ಕುಳಿತವರಲ್ಲ. ಅಷ್ಟರಲ್ಲಿ ಅವಳೇ ಫೋನನ್ನು ನನ್ನ ಕಡೆಗೆ ತಿರುಗಿಸಿದಳು. ಬೇರೆ ಅಂಗಡಿಯ ಡಿಸೈನ್ ಏನೂ ಇರಲಿಲ್ಲ, ಇದ್ದದ್ದು ಕ್ಯಾಲ್ಕ್ಯುಲೇಟರ್. ಸಾದಾ ಜೋಡಿಗೆ 70,000ದ ಚಿನ್ನ, 5,600 ವಿಎ, ಮೇಲೆ ಶೇ 3 ಜಿಎಸ್‌ಟಿ ಸೇರಿ 77,868. ಡಿಸೈನ್ ಜೋಡಿಗೆ 86,520. ವ್ಯತ್ಯಾಸ 8,652. ಮೊದಲ ಟ್ರೇ ಇಟ್ಟಾಗಲೇ ಅವಳಿಗೆ ಸಾದಾ ಉಂಗುರ ಒಪ್ಪಿಗೆಯಾಗಿತ್ತು, ಬಜೆಟ್ಟಿಗೆ ಹೊಂದುತ್ತದೆಯೇ ಎಂದು ಕೂಡಿಸಿ ನೋಡುತ್ತಿದ್ದಳು. ಒಪ್ಪಿಗೆಯಾದ ಮಾಲನ್ನು ಅವಳ ಕೈಯಿಂದ ಹಿಂತೆಗೆದುಕೊಂಡು ಬಜೆಟ್ ಮೀರಿದ ಮಾಲನ್ನು ಮುಂದಿಟ್ಟವನು ನಾನು.

“ಇರಲಿ, ಹೆಚ್ಚಾದದ್ದನ್ನು ನಾನು ಹಾಕ್ತೇನೆ,” ಎಂದು ಹುಡುಗ ಹೇಳಿದ. ಹುಡುಗಿ ಮಾತಾಡಲಿಲ್ಲ. ಮ್ಯಾನೇಜರರು ಬಿಲ್ಲಿಂಗಿನ ಕಡೆ ಕೈಸನ್ನೆ ಮಾಡಿದರು. ಆಗ ತಾಯಿ, “ನಾಳೆ ಇದನ್ನು ಬದಲಿಸ್ಲಿಕ್ಕೆ ತಂದ್ರೆ ಈ ಎಂಟು ಸಾವಿರ ವಾಪಸ್ ಬರ್ತದಾ?” ಎಂದು ನೇರವಾಗಿ ಕೇಳಿದರು. ಕೌಂಟರಿನಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: “ಚಿನ್ನದ ರೇಟ್ ಪೂರ್ತಿ ಸಿಗ್ತದೆ ಆಂಟಿ.” ಅದರಲ್ಲಿ ಸುಳ್ಳಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲ. ಬೆನ್ನ ಹಿಂದೆ ಮ್ಯಾನೇಜರರ ಉಸಿರು ಕೇಳುವಷ್ಟು ಹತ್ತಿರದಲ್ಲಿ ಕುಳಿತು, ಹಳೆಯ ಚಿನ್ನಕ್ಕೆ ತೂಕ ಮತ್ತು ಶುದ್ಧತೆಯ ಮೇಲೆ ಮಾತ್ರ ಬೆಲೆ ಕಟ್ಟುತ್ತೇವೆ, ವಿಎ ಹಿಂದಿರುಗುವುದಿಲ್ಲ ಎಂದು ಹೇಳಿದೆ.

ಹುಡುಗಿಯ ಮುಂದಿನ ಪ್ರಶ್ನೆ ಇನ್ನೂ ಕಠಿಣವಾಗಿತ್ತು. “ಇವರು ಸ್ವಲ್ಪ ದಪ್ಪ ಆದ್ರೆ ಸೈಜ್ ದೊಡ್ಡದು ಮಾಡ್ಲಿಕ್ಕೆ ಆಗ್ತದಾ?” ಹುಡುಗ ನಕ್ಕ, ನಾನು ನಗಲಿಲ್ಲ. ಸಾದಾ ಬ್ಯಾಂಡನ್ನು ಅಕ್ಕಸಾಲಿಗರು ಒಂದು ಕಡೆ ಕತ್ತರಿಸಿ, ತುಂಡು ಸೇರಿಸಿ, ಬೆಸುಗೆ ಹಾಕಿ ಪಾಲಿಶ್ ಮಾಡಿದರೆ ಗುರುತೂ ಸಿಗದು. ಸುತ್ತಲೂ ಕಟ್ ಇರುವ ಉಂಗುರದಲ್ಲಿ ಬೆಸುಗೆ ಬಿದ್ದ ಜಾಗದಲ್ಲಿ ವಿನ್ಯಾಸ ಮುರಿಯುತ್ತದೆ, ಮತ್ತೆ ಅದೇ ರೀತಿ ಕೂರಿಸುವುದು ಕೈಕೆಲಸದಿಂದ ಆಗುವ ಮಾತಲ್ಲ. ಅದನ್ನೂ ಹೇಳಿದೆ. ಅವರು ಸಾದಾ ಜೋಡಿಯನ್ನೇ ತೆಗೆದುಕೊಂಡು, ಒಳಮೈಯಲ್ಲಿ ಹೆಸರು ಮತ್ತು ತಾರೀಕು ಕೊರೆಸಲು ಬರೆಸಿ ಹೋದರು.

ಅಳತೆಯ ವಿಷಯದಲ್ಲಿ ಮಾತ್ರ ಆ ದಿನ ಎಚ್ಚರವಾಗಿದ್ದೆ. ಬೆರಳಿನ ಅಳತೆ ನೋಡುವ ಸೈಜ್ ಗೊಂಚಲಿನ ರಿಂಗುಗಳು ತೆಳು. ಅದರಲ್ಲಿ ಸರಿಯಾಗಿ ಕೂತ ಸೈಜಿಗೆ ಅಗಲ ಬ್ಯಾಂಡ್ ಮಾಡಿಸಿದರೆ ಗೆಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಸಿಯ ತಂಪಿನಲ್ಲಿ ಬೆರಳು ಸಣ್ಣದಾಗಿರುತ್ತದೆ, ಹೊರಗಿನ ಮೇ ತಿಂಗಳ ಸೆಕೆಗೆ ಊದಿಕೊಳ್ಳುತ್ತದೆ. ಆದ್ದರಿಂದ ಹುಡುಗನನ್ನು ಅಂಗಡಿಯ ಹೊರಗೆ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೊಮ್ಮೆ ಅಳತೆ ತೆಗೆದೆ. ನೂಲು ಸುತ್ತಿ ಫೋಟೋ ಕಳಿಸುವವರ ಉಂಗುರಗಳೇ ರಿಪೇರಿ ಡಬ್ಬಿಯಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ.

ಬಜೆಟ್ ಬಿಗಿಯಾಗಿರುವವರಿಗೆ 18 ಕ್ಯಾರೆಟ್ ತೋರಿಸಬೇಕೆಂಬುದು ನನ್ನ ಅಭಿಪ್ರಾಯ. ಶೇ 91.6 ಚಿನ್ನವಿರುವ 22 ಕ್ಯಾರೆಟ್ ಮೃದು, ದಿನಬಳಕೆಯಲ್ಲಿ ಬೇಗ ಗೀರು ಬೀಳುತ್ತದೆ. ಶೇ 75ರ 18 ಕ್ಯಾರೆಟ್ ಗಟ್ಟಿ, ಮೇಲಿನ ದರದಲ್ಲಿ 7 ಗ್ರಾಮಿಗೆ ಚಿನ್ನದ ಬೆಲೆ ಸುಮಾರು 57,000 ಮಾತ್ರ. ಆದರೆ ತಾಯಂದಿರು ಒಪ್ಪುವುದಿಲ್ಲ, ಇವರೂ ಒಪ್ಪಲಿಲ್ಲ. ಇನ್ನು ಕೆಲವರು ಉಳಿತಾಯಕ್ಕಾಗಿ 2 ಗ್ರಾಮಿಗಿಂತ ಕಡಿಮೆ ತೂಕದ ಉಂಗುರ ಕೇಳುತ್ತಾರೆ. 2 ಗ್ರಾಮಿಗಿಂತ ಕಡಿಮೆಯ ಆಭರಣಕ್ಕೆ ಶುದ್ಧತೆಯ ಗುರುತಾದ ಹಾಲ್‌ಮಾರ್ಕ್ ಕಡ್ಡಾಯವಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ. ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ, ಅಂದರೆ ಪ್ರತಿ ಆಭರಣಕ್ಕೂ ಬೇರೆಯಾದ ಆರು ಅಂಕಿ-ಅಕ್ಷರಗಳ ಗುರುತುಸಂಖ್ಯೆ, ಇರುವ ಹಾಲ್‌ಮಾರ್ಕ್ ಆಭರಣವನ್ನೇ ಮಾರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಗಿರಾಕಿಯ ಎದುರಿಗೇ ಹಾಕಿ ತೋರಿಸಬಹುದು. ಹೆಸರು ಕೊರೆಸುವಾಗ ಮತ್ತು ಸೈಜಿಗೆ ಕತ್ತರಿಸುವಾಗ ಆ ಗುರುತನ್ನು ಬಿಟ್ಟು ಕೆಲಸ ಮಾಡುವಂತೆ ಆರ್ಡರ್ ಚೀಟಿಯಲ್ಲಿ ನಾನು ಬರೆಯುತ್ತೇನೆ, ಏಕೆಂದರೆ ವರ್ಕ್‌ಶಾಪಿನವರು ಬಾಯಿಮಾತನ್ನು ನೆನಪಿಡುವವರಲ್ಲ.

ಮರುದಿನದ ಮೀಟಿಂಗಿನಲ್ಲಿ ಮ್ಯಾನೇಜರರು ಎಲ್ಲರೆದುರು, “ಗಿರಾಕಿ ಹೆಚ್ಚು ಕೊಡ್ತೇನೆ ಅಂದ್ರೂ ಬೇಡ ಅನ್ನುವ ಸೇಲ್ಸ್‌ಮನ್ ನಮ್ಮಲ್ಲಿ ಇದ್ದಾನೆ,” ಎಂದರು. ಇನ್ಸೆಂಟಿವ್ ಲೆಕ್ಕವಾಗುವುದು ವಿಎ ಮೇಲೆ, ಆದ್ದರಿಂದ ಆ ತಿಂಗಳು ನನ್ನದೂ ಇಳಿಯಿತು. ಅಂದಿನಿಂದ ನಾನು ಟ್ರೇ ತೆಗೆಯುವ ಮೊದಲು ಜೋಡಿಯ ಒಟ್ಟು ಬಜೆಟ್ ಕೇಳಿ, ಎಸ್ಟಿಮೇಟ್ ಸ್ಲಿಪ್ಪಿನ ಹಿಂಬದಿಯಲ್ಲಿ ಚಿನ್ನಕ್ಕೆ ಎಷ್ಟು, ವಿಎಗೆ ಎಷ್ಟು, ಜಿಎಸ್‌ಟಿಗೆ ಎಷ್ಟು ಎಂದು ರೂಪಾಯಿಯಲ್ಲಿ ಬರೆದುಕೊಡುತ್ತೇನೆ. ಇದು ಹೆಡ್ ಆಫೀಸಿಗೆ ತಲುಪಿತೋ ಏನೋ, ಹೊಸದಾಗಿ ಬಂದ ಸ್ಲಿಪ್ ಬಂಡಲಿನ ಹಿಂಬದಿಯ ತುಂಬ ಮಾಸಿಕ ಸ್ಕೀಮಿನ ಜಾಹೀರಾತು ಅಚ್ಚಾಗಿದೆ. ಈಗ ಅಂಚಿನಲ್ಲಿ ಸಣ್ಣದಾಗಿ ಬರೆಯಬೇಕಾಗಿದೆ.