ಮುಕ್ಕಾಲು ಕಿಲೋ ಬೆಲ್ಲ

ನಮ್ಮ ಓಣಿಯ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಸರ್ಕಾರಿ ಶಾಲೆ. ಗಣಿತದಲ್ಲಿ 52. ಅವರವ್ವ ಮನೆಮನೆಗೂ ಪೇಡೆ ಹಂಚಿದರು.

ನಿನ್ನೆ ಅವನು ಅವರ ಮಾವನ ಕಿರಾಣಿ ಅಂಗಡಿಯಲ್ಲಿ ಕೂತಿದ್ದ. ಬೆಲ್ಲ ಕಿಲೋಗೆ 60 ರೂಪಾಯಿ. ‘ಮುಕ್ಕಾಲು ಕಿಲೋ ಕೊಡಪಾ, ಎಷ್ಟಾತು?’ ಅಂದೆ. ಮೊಬೈಲ್ ತೆಗೆದ. 60 ಒತ್ತಿದ, ಸ್ವಲ್ಪ ಹೊತ್ತು ಸುಮ್ನೆ ನಿಂತ, ಅಳಿಸಿದ. ಆಮೇಲೆ ‘ನೀವ ಹೇಳ್ರಿ ಕಾಕಾ’ ಅಂತ ನಕ್ಕ.

ನಾನೂ ನಕ್ಕೆ. ಆದರೆ ಮನೆಗೆ ಬಂದರೂ ಅದೇ ತಲೆಯಲ್ಲಿ ಕೊರೀತಿತ್ತು.

2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರಲ್ಲ, ಆ ವರ್ಷ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಬಿತ್ತು. ಅದೂ ಗ್ರೇಸ್ ಮಾರ್ಕ್ಸ್ ಶೇ. 10ರಿಂದ ಶೇ. 20ಕ್ಕೆ ಏರಿಸಿದ ಮೇಲೆ! ಹಾಗಂತ ಮಕ್ಕಳು ದಡ್ಡರು ಅನ್ನೋಕಾಗಲ್ಲ. ಅದೇ ವರ್ಷ 625ಕ್ಕೆ 625 ತಗೊಂಡು ರಾಜ್ಯಕ್ಕೇ ಮೊದಲು ಬಂದ ಹುಡುಗಿ ನಮ್ಮ ಬಾಗಲಕೋಟೆ ಜಿಲ್ಲೆಯವಳೇ, ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು.

ಮೇಷ್ಟ್ರು ಗೆಳೆಯನ ಹತ್ತಿರ ಕೇಳಿದೆ. ಜನವರಿ ಬಂತಂದ್ರೆ ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿಸೋದೇ ಕೆಲಸ ಅಂದ. ‘ಮ್ಯಾಲಿನವರು ಪರ್ಸೆಂಟೇಜ್ ಕೇಳ್ತಾರ, ಭಿನ್ನರಾಶಿ ಬರ್ತದೇನು ಅಂತ ಯಾರೂ ಕೇಳೂದಿಲ್ಲ.’ ಅವನ ಸಿಟ್ಟು ನ್ಯಾಯವಾದದ್ದೇ ಅನ್ನಿಸಿತು.

ತೂಕ ಮಾತ್ರ ಹುಡುಗ ಸರಿಯಾಗಿ ಹಾಕಿದ, ಮೇಲೊಂದು ಚೂರು ಜಾಸ್ತಿಯೇ. 45 ರೂಪಾಯಿ ಕೊಟ್ಟು ಬಂದೆ. ಪಿಯುಸಿಗೆ ಸೈನ್ಸ್ ತಗೋತಾನಂತೆ.