ಇಪ್ಪತ್ತೇಳೂವರೆ ಎಲ್ಲಿಂದ ತರೋದು?

"ಮಾಡಿದ್ರೆ ಯಾಕಾಗಲ್ಲ? ಇನ್ನೊಂದ್ಸಲ ನೋಡು."

ಈ ವಾರವಿಡೀ ಭಾವನ ಈ ಮಾತು ಕಿವಿಯಲ್ಲೇ ಕೂತಿದೆ. ಅದಕ್ಕೆ ಅಕ್ಕನ ಮಗಳು ಕೊಟ್ಟ ಉತ್ತರ ಅದಕ್ಕಿಂತ ಗಟ್ಟಿಯಾಗಿ ಕೂತಿದೆ. "ಅಪ್ಪಾ, 1 ಬರುತ್ತೆ, 3 ಬರುತ್ತೆ, 5 ಬರುತ್ತೆ. 2 ಕೂಡ ಬರ್ತಿಲ್ಲ, ಇನ್ನು 0 ಹೇಗೆ ಬರುತ್ತೆ?"

ಲೆಕ್ಕ ಇಷ್ಟೇ: 1ರಿಂದ 10ರವರೆಗೆ ಸಾಲಾಗಿ ಬರೆದು, ನಡುನಡುವೆ ಕೂಡುವ ಇಲ್ಲವೇ ಕಳೆಯುವ ಚಿಹ್ನೆ ಹಾಕಿ 0 ಬರಿಸಲು ಸಾಧ್ಯವೇ? ಕೊನೆಯಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆ ಭಾವನ ಕಣ್ಣಿಗೆ ಬಿದ್ದಂತಿಲ್ಲ. ಅವರಿಗೆ ಪ್ರಶ್ನೆಗಳೆಲ್ಲ ಅಪ್ಪಣೆಗಳೇ. ಒಳ್ಳೆಯ ಮನುಷ್ಯ, ಮಗಳ ಜೊತೆ ತಾಳ್ಮೆಯಿಂದ ಕೂರುತ್ತಾರೆ. ಆದರೆ ಯಾರಾದರೂ "ಆಗಲ್ಲ" ಅಂದರೆ ಅದು ಸೋಮಾರಿತನ ಅಂತಲೇ ಅವರ ತೀರ್ಮಾನ.

ಹುಡುಗಿಯ ಹಾಳೆ ನೋಡಿದೆ. ಒರೆಸಿ ಒರೆಸಿ ಒಂದು ಕಡೆ ಕಾಗದವೇ ಸವೆದಿತ್ತು. ಕೆಳಗೆ ಎರಡು ಗೆರೆ ಎಳೆದಿದ್ದ ಸಾಲು ಇದು: 1+2+3+4+5+6+7−8−9−10. ಉತ್ತರ 1. ಅದನ್ನು ತೋರಿಸಿ ಭಾವ ಹೇಳಿದ್ದು, "ನೋಡು, ಇನ್ನೊಂದೇ ಒಂದು ಕಮ್ಮಿಯಾದ್ರೆ ಆಯ್ತು!" ಮೋಸ ಇರುವುದೇ ಆ 'ಇನ್ನೊಂದೇ ಒಂದ'ರಲ್ಲಿ.

ಎಲ್ಲವನ್ನೂ ಕೂಡಿದರೆ 55. ಈಗ ಒಂದು ಸಂಖ್ಯೆಯ ಹಿಂದಿನ ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆ ಮಾಡಿ. 4ರ ಚಿಹ್ನೆ ಬದಲಾದರೆ ಮೊತ್ತ ನಾಲ್ಕಲ್ಲ, ಎಂಟು ಇಳಿಯುತ್ತದೆ. ಮೊದಲು ಸೇರುತ್ತಿದ್ದ ನಾಲ್ಕೂ ಹೋಯಿತು, ಮೇಲೆ ಇನ್ನೊಂದು ನಾಲ್ಕೂ ಹೋಯಿತು. 7 ಆದರೆ ಹದಿನಾಲ್ಕು. ಯಾವುದನ್ನೇ ಬದಲಿಸಿದರೂ ಏರಿಳಿತ ಅದರ ಎರಡರಷ್ಟು, ಅಂದರೆ ಯಾವಾಗಲೂ ಸಮ. ಬೆಸದಿಂದ ಹೊರಟು ಸಮ ಹೆಜ್ಜೆಗಳನ್ನೇ ಇಡುವವನು ಬೆಸದಲ್ಲೇ ಇರುತ್ತಾನೆ. ಒಂಬತ್ತು ಜಾಗ, ಒಂದೊಂದಕ್ಕೂ ಎರಡು ಆಯ್ಕೆ, ಒಟ್ಟು 512 ಬಗೆ. ಎಲ್ಲವೂ ಇದೊಂದೇ ಮಾತಿನಲ್ಲಿ ಮುಗಿದವು.

"0 ಸಮಾನೂ ಅಲ್ಲ, ಬೆಸಾನೂ ಅಲ್ಲ ಅಲ್ವಾ?" ಅಂತ ಭಾವ ನಡುವೆ ಬಾಯಿ ಹಾಕಿದರು. ಎಷ್ಟೋ ಜನ ಹೀಗೇ ನಂಬಿದ್ದಾರೆ. ಎರಡರಿಂದ ಭಾಗಿಸಿದರೆ ಶೇಷ ಉಳಿಯುತ್ತದೆಯೇ? ಇಲ್ಲ. ಆಚೀಚೆ ಇರುವ −1, 1 ಎರಡೂ ಬೆಸ. 0 ಸಮವೇ, ಅದರಲ್ಲಿ ಚರ್ಚೆಗೆ ಜಾಗವಿಲ್ಲ.

ಹುಡುಗಿ ಇನ್ನೊಂದು ದಾರಿ ಹಿಡಿದಳು. ಉತ್ತರ 0 ಬರಬೇಕಾದರೆ ಕೂಡುವವರ ಗುಂಪೂ ಕಳೆಯುವವರ ಗುಂಪೂ ಸರಿಸಮ ಆಗಬೇಕು, ಅಂದರೆ 55ರಲ್ಲಿ ಅರ್ಧರ್ಧ. "ಇಪ್ಪತ್ತೇಳೂವರೆ ಎಲ್ಲಿಂದ ತರ್ಲಿ ಚಿಕ್ಕಮ್ಮ?" ನನ್ನ ವಿವರಣೆಗಿಂತ ಇದೇ ಚೆನ್ನಾಗಿದೆ, ನಿಜ ಹೇಳಬೇಕೆಂದರೆ.

ಬೆಸಕ್ಕೆ ಬೆಸ ಕೂಡಿದರೆ ಸಮ, ಇನ್ನೊಂದು ಬೆಸ ಬಂದರೆ ಮತ್ತೆ ಬೆಸ. 1ರಿಂದ 10ರೊಳಗೆ ಬೆಸಗಳು ಐದು, ಹಾಗಾಗಿ ಮೊತ್ತವೂ ಬೆಸ. ಬೆಸ ಎಣಿಕೆಯಷ್ಟು ಬೆಸಗಳನ್ನು ಕೂಡಿದರೆ ಬೆಸವೇ ಬರುತ್ತದೆ ಎಂದು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೇ ತನ್ನ 'ಎಲಿಮೆಂಟ್ಸ್' ಗ್ರಂಥದ ಒಂಬತ್ತನೆಯ ಭಾಗದಲ್ಲಿ ಸಾಧಿಸಿಟ್ಟಿದ್ದಾನೆ. ಗುಣಾಕಾರದ ಸ್ವಭಾವ ಬೇರೆ. 1, 3, 5, 7, 9 ಗುಣಿಸಿದರೆ 945, ಬೆಸ. ಒಂದೇ ಒಂದು 2 ಒಳಗೆ ಬಂದರೆ 1890. ಆಮೇಲೆ ಎಷ್ಟು ಬೆಸಗಳಿಂದ ಗುಣಿಸಿದರೂ ಸಮವೇ.

"ಸಿಗಲಿಲ್ಲ" ಅನ್ನುವುದಕ್ಕೂ "ಸಿಗುವುದೇ ಇಲ್ಲ" ಅನ್ನುವುದಕ್ಕೂ ಇರುವ ದೂರವನ್ನು ನಾವು ಮಕ್ಕಳಿಗೆ ಹೇಳಿಕೊಡುವುದೇ ಇಲ್ಲ. ಎರಡಕ್ಕೂ ಒಂದೇ ಬೈಗುಳ. 2ಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯಗಳ (2, 3, 5, 7ರಂತೆ 1 ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳ) ಮೊತ್ತ ಎಂಬ ಊಹೆ 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಇನ್ನೊಬ್ಬ ಗಣಿತಜ್ಞ ಆಯ್ಲರನಿಗೆ ಬರೆದ ಪತ್ರದಿಂದ ಹುಟ್ಟಿದ್ದು. ಕಂಪ್ಯೂಟರುಗಳು 4ರ ಮುಂದೆ ಹದಿನೆಂಟು ಸೊನ್ನೆಗಳಿರುವ ಸಂಖ್ಯೆಯವರೆಗೆ ನೋಡಿವೆ, ಎಲ್ಲೂ ತಪ್ಪಿಲ್ಲ. ಆದರೂ "ಎಂದಿಗೂ ತಪ್ಪುವುದಿಲ್ಲ" ಎನ್ನಲು ಗಣಿತಜ್ಞರಿಗೆ ಇನ್ನೂ ಬಾಯಿಲ್ಲ. ಇಲ್ಲೋ, ಒಂದು ಮಗು ಒಂದನ್ನೂ ಹೊಸದಾಗಿ ಪರೀಕ್ಷಿಸದೆ ಹಾಗೆ ಹೇಳಬಲ್ಲದು.

ಭಾವ ಅಷ್ಟಕ್ಕೇ ಬಿಡುವವರಲ್ಲ. "ಸರಿ, 100ರವರೆಗೆ ಇದ್ರೆ?" ಮೊತ್ತ 5050, ಸಮ, ಅಡ್ಡಿಯೇನೋ ಇಲ್ಲ. ಆದರೆ ಅಡ್ಡಿಯಿಲ್ಲ ಎಂದ ಮಾತ್ರಕ್ಕೆ ಆಗುತ್ತದೆ ಎನ್ನುವ ಹಾಗಿಲ್ಲ, ಮಾಡಿ ತೋರಿಸಬೇಕು. ಹುಡುಗಿ 1−2−3+4 ಅಂತ ಬರೆದಳು. ಸೊನ್ನೆ. ಪಕ್ಕದಲ್ಲಿ +5−6−7+8. ಮತ್ತೆ ಸೊನ್ನೆ. "ಹೀಗೇ ಇಪ್ಪತ್ತೈದು ಗುಂಪು" ಅಂತ ಪೆನ್ಸಿಲ್ ಕೆಳಗಿಟ್ಟಳು. ಭಾವ ಅದನ್ನೆತ್ತಿಕೊಂಡು 9ರಿಂದ ಮುಂದಕ್ಕೆ ಬರೆಯತೊಡಗಿದರು.